ಹಳೇ ಕಾಂಪೊನೆಂಟು, ಹೊಸ ವಿಂಡೋಸು: ಕಾಟಾ, ಮಿಲ್ಲು, ಅಡತಿ ಅಂಗಡಿಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಳ್ಳಾರಿಯಲ್ಲಿ ಕೂತು ಕೊಪ್ಪಳ, ರಾಯಚೂರು ಕಡೆಯ ಲಾರಿ ಕಾಟಾ, ರೈಸ್ ಮಿಲ್, ಹತ್ತಿ ಅಡತಿ ಅಂಗಡಿಗಳ ಸಾಫ್ಟ್‌ವೇರ್ ನೋಡಿಕೊಳ್ಳುವುದು ನನ್ನ ಕೆಲಸ. ಅದರಲ್ಲಿ ಜಾಸ್ತಿ ಪಾಲು 20 ವರ್ಷದ ಹಿಂದೆ ವಿಬಿ6ನಲ್ಲಿ, ಅಂದರೆ ಮೈಕ್ರೋಸಾಫ್ಟ್‌ನ ವಿಷುವಲ್ ಬೇಸಿಕ್ 6 ಅನ್ನುವ ಪ್ರೋಗ್ರಾಂ ಭಾಷೆಯಲ್ಲಿ ಬರೆದದ್ದು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲಂತೂ ಫೋನು ಬಿಡುವಿಲ್ಲದೆ ಬರುತ್ತಿವೆ. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆ. ಅದಕ್ಕೇ ಬರೆದು ಇಟ್ಟುಬಿಟ್ಟಿದ್ದೇನೆ.

ನಮ್ಮ ಕಾಟಾದ್ದು ವಿಬಿ6 ಅಂತೆ. ವಿಂಡೋಸ್ 11 ಹಾಕಿದರೆ ನಿಂತುಹೋಗುತ್ತಾ?

ಬರೀ ಆ ಕಾರಣಕ್ಕೆ ನಿಲ್ಲುವುದಿಲ್ಲ. ವಿಬಿ6 ಬಂದದ್ದು 1998ರಲ್ಲಿ. ಅದರಲ್ಲಿ ಪ್ರೋಗ್ರಾಂ ಬರೆಯುವ ಉಪಕರಣಕ್ಕೆ ಮೈಕ್ರೋಸಾಫ್ಟ್ 2008ರ ಏಪ್ರಿಲ್‌ನಲ್ಲೇ ಬೆಂಬಲ ನಿಲ್ಲಿಸಿತು. ಆದರೆ ಬರೆದ ಪ್ರೋಗ್ರಾಂ ಓಡಿಸುವ ರನ್‌ಟೈಮ್, ಅಂದರೆ ಎಂಎಸ್‌ವಿಬಿವಿಎಂ60 ಅನ್ನುವ ಡಿಎಲ್‌ಎಲ್ ಫೈಲು, ವಿಂಡೋಸ್ 11ರ ಒಳಗೇ ಬರುತ್ತದೆ. ಆ ವಿಂಡೋಸ್‌ಗೆ ಬೆಂಬಲ ಇರುವವರೆಗೂ ರನ್‌ಟೈಮ್‌ಗೂ ಬೆಂಬಲ ಇದೆ ಅಂತ ಅವರೇ ಹೇಳಿದ್ದಾರೆ. ಟ್ರ್ಯಾಕ್ಟರ್ ಕಂಪನಿ ಒಂದು ಮಾಡೆಲ್ ತಯಾರಿಸುವುದು ಬಿಟ್ಟಿತು ಅಂತ ನಿಮ್ಮ ಹೊಲದಲ್ಲಿರುವುದು ನಿಲ್ಲುತ್ತಾ? ಇದೂ ಅಷ್ಟೇ.

ಕೈಕೊಡುವುದು ಪಕ್ಕದಲ್ಲಿ ಕೂರುವ ಚಿಲ್ಲರೆ ಫೈಲುಗಳು. ಸೀರಿಯಲ್ ಪೋರ್ಟ್ ಓದುವುದು ಒಂದು, ಬಿಲ್ಲಿನ ಗ್ರಿಡ್ ತೋರಿಸುವುದು ಇನ್ನೊಂದು, ರಿಪೋರ್ಟ್ ಪ್ರಿಂಟ್ ಮಾಡುವುದು ಮತ್ತೊಂದು. ಇವು ವಿಂಡೋಸ್ ಜೊತೆ ಬರುವುದಿಲ್ಲ. ಹಳೇ ಪಿಸಿಯಲ್ಲಿ ಯಾರೋ ಯಾವಾಗಲೋ ಹಾಕಿರುತ್ತಾರೆ.

ಓಸಿಎಕ್ಸ್, ಆಕ್ಟಿವ್‌ಎಕ್ಸ್, ಕಾಮ್: ಇವೆಲ್ಲ ಒಂದೇನಾ?

ಒಂದೇ ಮನೆತನ. ಕಾಮ್ ಅನ್ನುವುದು 1993ರಲ್ಲಿ ಮೈಕ್ರೋಸಾಫ್ಟ್ ತಂದ ಒಪ್ಪಂದ. ಒಬ್ಬರು ಒಂದು ಭಾಷೆಯಲ್ಲಿ ಬರೆದ ತುಂಡನ್ನು ಇನ್ನೊಬ್ಬರು ಬೇರೆ ಭಾಷೆಯಿಂದ ಬಳಸಬೇಕು, ಒಳಗೆ ಏನಿದೆ ಅಂತ ನೋಡುವ ಗೋಜು ಇರಬಾರದು. ಆ ತುಂಡೇ ಕಾಂಪೊನೆಂಟು. ಪ್ರತಿ ತುಂಡಿಗೂ 128 ಬಿಟ್ ಉದ್ದದ ಒಂದು ಗುರುತಿನ ನಂಬರು. ಆ ನಂಬರಿನವರು ಯಾವ ಫೋಲ್ಡರ್‌ನಲ್ಲಿದ್ದಾರೆ ಅಂತ ವಿಂಡೋಸ್ ತನ್ನ ರಿಜಿಸ್ಟ್ರಿಯಲ್ಲಿ ಬರೆದುಕೊಂಡಿರುತ್ತದೆ. 1994ರ ಹೊತ್ತಿಗೆ ಓಸಿಎಕ್ಸ್ ಬಂತು, ಮೇಲೆ ಹೇಳಿದ ಚಿಲ್ಲರೆ ಫೈಲುಗಳಂಥ ಕಾಮ್ ತುಂಡು. 1996ರಲ್ಲಿ ಇಂಟರ್ನೆಟ್ ಗದ್ದಲದ ನಡುವೆ ಅದಕ್ಕೇ ಆಕ್ಟಿವ್‌ಎಕ್ಸ್ ಅಂತ ಹೊಸ ಹೆಸರಿಟ್ಟರು.

ಕಾಮ್‌ನಲ್ಲಿ ಒಂದು ಕಟ್ಟುನಿಟ್ಟು ಇತ್ತು. ತುಂಡನ್ನು ಹೊರಗಿನವರು ಕರೆಯುವ ಕ್ರಮಕ್ಕೆ ಇಂಟರ್‌ಫೇಸ್ ಅನ್ನುತ್ತಾರೆ. ಒಮ್ಮೆ ಹೊರಗೆ ಬಿಟ್ಟ ಇಂಟರ್‌ಫೇಸನ್ನು ಮುಟ್ಟುವಂತಿಲ್ಲ. ಹೊಸದು ಬೇಕಾದರೆ ಪಕ್ಕದಲ್ಲಿ ಇನ್ನೊಂದು ಮಾಡು, ಹಳೆಯದು ಹಾಗೇ ಇರಲಿ. ಇದು ಇಷ್ಟು ವರ್ಷ ಬಾಳಿದ್ದಕ್ಕೆ ನನ್ನ ಪ್ರಕಾರ ಈ ಒಂದು ಹಟವೇ ಕಾರಣ.

ಒಂದು ತಮಾಷೆ. ತೂಕದ ಇಂಡಿಕೇಟರ್‌ನ ವೈರು ಬಂದು ಸೇರುವ ಸೀರಿಯಲ್ ಪೋರ್ಟಿನ ಹೆಸರೂ ಕಾಮ್‌. "ಸರ್, ಕಾಮ್ ಹೋಗಿದೆ" ಅಂತ ಫೋನು ಬಂದರೆ ಯಾವ ಕಾಮ್ ಅಂತ ಕೇಳಿ ತಿಳಿದುಕೊಳ್ಳುವುದಕ್ಕೇ ಹತ್ತು ನಿಮಿಷ ಬೇಕು.

ಹೊಸ ಪಿಸಿಗೆ ಎಲ್ಲ ಕಾಪಿ ಮಾಡಿದೆವು. "ಕಾಂಪೊನೆಂಟ್ ಸರಿಯಾಗಿ ರಿಜಿಸ್ಟರ್ ಆಗಿಲ್ಲ" ಅನ್ನುತ್ತಿದೆ. ಸಾಫ್ಟ್‌ವೇರ್ ಸತ್ತಿತಾ?

ಸತ್ತಿಲ್ಲ, ವಿಳಾಸ ತಪ್ಪಿದೆ. ಹೋದ ಸುಗ್ಗಿಯಲ್ಲಿ ಗಂಗಾವತಿ ಹತ್ತಿರದ ಒಂದು ಮಿಲ್ಲಲ್ಲಿ ನಡೆದದ್ದನ್ನೇ ಹೇಳುತ್ತೇನೆ. ಭತ್ತದ ಲಾರಿಗಳು ಗೇಟಿನಿಂದ ರಸ್ತೆಯವರೆಗೂ ನಿಂತಿದ್ದವು. ಹಳೇ ಪಿಸಿ ಧೂಳು ಕುಡಿದು ಕುಡಿದು ಹಿಂದಿನ ರಾತ್ರಿ ನಿಂತಿತ್ತು. ಹೊಸದು ತಂದಿಟ್ಟಿದ್ದರು. ಫೋಲ್ಡರ್ ಕಾಪಿ ಮಾಡಿ ಡಬಲ್ ಕ್ಲಿಕ್ ಮಾಡಿದರೆ ಎಂಎಸ್‌ಕಾಮ್32 ಅನ್ನುವ ಓಸಿಎಕ್ಸ್ ಸಿಗುತ್ತಿಲ್ಲ ಅಂತ ಎರರ್.

ಇಲ್ಲಿ ಎಲ್ಲರೂ ಎಡವುತ್ತಾರೆ. 64 ಬಿಟ್ ವಿಂಡೋಸ್‌ನಲ್ಲಿ ಸಿಸ್ಟಮ್32 ಅನ್ನುವ ಫೋಲ್ಡರ್ ಇರುವುದು 64 ಬಿಟ್ ಫೈಲುಗಳಿಗೆ. 32 ಬಿಟ್ ಫೈಲುಗಳಿಗೆ ಸಿಸ್‌ವಾವ್64. ಹೆಸರು ಉಲ್ಟಾ ಅನಿಸಿದರೆ ನಿಮ್ಮ ತಪ್ಪಿಲ್ಲ, ನನಗೆ ಇವತ್ತಿಗೂ ಹಾಗೇ ಅನಿಸುತ್ತದೆ. ವಿಬಿ6 ಪ್ರೋಗ್ರಾಂ 32 ಬಿಟ್, ಹಾಗಾಗಿ ಅದರ ಓಸಿಎಕ್ಸ್ ಹೋಗಬೇಕಾದ್ದು ಸಿಸ್‌ವಾವ್64ಗೆ. ಆಮೇಲೆ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು, ಅದೇ ಫೋಲ್ಡರ್‌ನ ರೆಗ್‌ಎಸ್‌ವಿಆರ್32 ಓಡಿಸಿ ರಿಜಿಸ್ಟರ್ ಮಾಡಬೇಕು.

ಮಾಡಿದೆ. ಸ್ಕ್ರೀನ್ ಬಂತು, ಧಣಿ ನಕ್ಕರು. ತೂಕ ಅಂತ ಒತ್ತಿದರೆ ಎರರ್ 8002, ಪೋರ್ಟ್ ನಂಬರ್ ಸರಿಯಿಲ್ಲ. ಹೊಸ ಪಿಸಿಯಲ್ಲಿ ಒಂಬತ್ತು ಪಿನ್ನಿನ ಪೋರ್ಟ್ ಎಲ್ಲಿರುತ್ತೆ ಹೇಳಿ? ಯುಎಸ್‌ಬಿ ಕನ್ವರ್ಟರ್ ಹಾಕಿದ್ದರು. ಪೋರ್ಟ್ ಯಾವುದು ಅಂತ ಗುಮಾಸ್ತರು ಒಂದೊಂದೇ ತೂತಿಗೆ ಚುಚ್ಚಿ ನೋಡಿದ್ದರು. ಚುಚ್ಚಿದ ಸಲಕ್ಕೊಂದು ಹೊಸ ನಂಬರು ಕೊಡುತ್ತಾ ಹೋಗಿ ವಿಂಡೋಸ್ ಕಾಮ್17ಕ್ಕೆ ಬಂದು ನಿಂತಿತ್ತು. ಆ ಹಳೇ ಓಸಿಎಕ್ಸ್‌ಗೆ ಗೊತ್ತಿರುವುದು 1ರಿಂದ 16ರವರೆಗೆ ಮಾತ್ರ! ಡಿವೈಸ್ ಮ್ಯಾನೇಜರ್‌ನಲ್ಲಿ ಪೋರ್ಟಿನ ಅಡ್ವಾನ್ಸ್‌ಡ್ ಸೆಟ್ಟಿಂಗ್‌ಗೆ ಹೋಗಿ ಅದನ್ನು ಕಾಮ್3 ಮಾಡಿದೆ. ತೂಕ ಬಂತು. ಯುಎಸ್‌ಬಿ ತೂತಿಗೆ ಕೆಂಪು ಟೇಪು ಅಂಟಿಸಿ, "ಇದನ್ನು ಕಿತ್ತರೆ ನನ್ನನ್ನು ಕರೀಬೇಡಿ" ಅಂತ ಬರೆದು ಬಂದೆ. ಈ ಎರಡನೇ ಎರರ್‌ಗೆ ನಾನೇ ಒಂದು ಗಂಟೆ ವೈರು, ಪಿನ್ನು ಅಂತ ಪರದಾಡಿದ್ದೆ, ಅದೂ ನಿಜ.

ಕನ್ವರ್ಟರ್ ಒಳಗಿನ ಚಿಪ್ಪು ತೀರಾ ಹಳೆಯದಾದರೆ ಹೊಸ ಡ್ರೈವರ್ ಅದನ್ನು ಒಪ್ಪದೆಯೂ ಇರಬಹುದು. ಆಗ ರೊಕ್ಕ ನೋಡಬೇಡಿ, ಒಳ್ಳೆಯದೊಂದು ತಂದುಬಿಡಿ.

ಡಾಟ್‌ನೆಟ್ ಬಂದಾಗಲೇ ಕಾಮ್ ಕಥೆ ಮುಗೀತು ಅಂದಿದ್ದರಲ್ಲ?

ಅಂದಿದ್ದರು. ಡಾಟ್‌ನೆಟ್ ಅಂದರೆ ಪ್ರೋಗ್ರಾಂ ಬರೆದು ಓಡಿಸಲು ಮೈಕ್ರೋಸಾಫ್ಟ್ ತಂದ ಹೊಸ ವ್ಯವಸ್ಥೆ. 2002ರಲ್ಲಿ ಡಾಟ್‌ನೆಟ್‌ನ ಮೊದಲ ಆವೃತ್ತಿ ಬಂದಾಗ ಕಾಮ್ ಪುಸ್ತಕಗಳನ್ನು ರದ್ದಿಗೆ ಹಾಕಿದವರನ್ನು ನಾನು ಬಲ್ಲೆ. ಆದರೆ ಡಾಟ್‌ನೆಟ್ ಮೊದಲ ದಿನದಿಂದಲೇ ಕಾಮ್ ಜೊತೆ ಮಾತಾಡುವ ಸೇತುವೆಯನ್ನು ಒಳಗೇ ಇಟ್ಟುಕೊಂಡು ಬಂತು. ಹಳೇ ಕಾಮ್ ತುಂಡನ್ನು ಹೊಸ ಪ್ರೋಗ್ರಾಂ ಬಳಸಬಹುದು, ಹೊಸದನ್ನು ಕಾಮ್ ವೇಷದಲ್ಲಿ ಹಳೆಯದಕ್ಕೂ ತೋರಿಸಬಹುದು. ಹತ್ತು ವರ್ಷ ಬಿಟ್ಟು 2012ರಲ್ಲಿ ವಿಂಡೋಸ್ 8 ಜೊತೆ ವಿನ್‌ಆರ್‌ಟಿ ಅಂತ ಹೊಚ್ಚ ಹೊಸದು ಅಂತ ತಂದರು. ಅದರ ತಳಪಾಯ ಅಗೆದು ನೋಡಿದರೆ ಅದೇ ಕಾಮ್. ಗೇಮುಗಳ ಡೈರೆಕ್ಟ್‌ಎಕ್ಸ್, ಬೇರೆ ಪ್ರೋಗ್ರಾಂನಿಂದ ಎಕ್ಸೆಲ್ ತೆರೆದು ಲೆಕ್ಕ ತುಂಬುವುದು, ಎಲ್ಲ ಅದರ ಮೇಲೇ ನಿಂತಿವೆ.

ಅತ್ತ ಡಾಟ್‌ನೆಟ್‌ ಏನಾಯಿತು? ಹಳೇ ಡಾಟ್‌ನೆಟ್ ಫ್ರೇಮ್‌ವರ್ಕ್ 4.8ರ ಸಾಲಿಗೇ ನಿಂತಿತು. 2019ರಲ್ಲಿ 4.8, 2022ರಲ್ಲಿ 4.8.1. ಪಕ್ಕದಲ್ಲಿ 2016ರಲ್ಲಿ ಡಾಟ್‌ನೆಟ್ ಕೋರ್ ಹುಟ್ಟಿ, 2020ರಲ್ಲಿ ಅದೇ ಡಾಟ್‌ನೆಟ್ 5 ಆಯಿತು. ಅದರಲ್ಲಿ ವೆಬ್ ಪೇಜು ಕಟ್ಟುವ ವೆಬ್ ಫಾರ್ಮ್ಸ್ ಇಲ್ಲ, ಪ್ರೋಗ್ರಾಂಗಳು ಪರಸ್ಪರ ಮಾತಾಡುವ ರಿಮೋಟಿಂಗ್ ಇಲ್ಲ. ವಿಬಿ6 ಹಳೆಯದು ಅಂತ ಓಡಿಹೋಗಿ ವೆಬ್ ಫಾರ್ಮ್ಸ್‌ನಲ್ಲಿ ಮನೆ ಕಟ್ಟಿದವರು ಮತ್ತೆ ಗಂಟುಮೂಟೆ ಕಟ್ಟಬೇಕಾಯಿತು. ಸುಮ್ನೆ ಇದ್ದವರ ವಿಬಿ6 ಈಗಲೂ ಓಡುತ್ತಿದೆ. ಹಾಗಂತ ಇದ್ದಲ್ಲೇ ಇರಿ ಅಂತ ನಾನು ಹೇಳುತ್ತಿಲ್ಲ, ಅದನ್ನು ಮುಂದೆ ನೋಡೋಣ.

ಹಾಗಾದರೆ ಯಾವುದೂ ಸಾಯುವುದೇ ಇಲ್ವಾ?

ಸಾಯುತ್ತವೆ, ಅದೂ ದಿಢೀರ್ ಅಂತ. ಬ್ರೌಸರ್‌ನಲ್ಲಿ ವಿಡಿಯೋ, ಆಟ ಓಡಿಸುತ್ತಿದ್ದ ಅಡೋಬಿ ಕಂಪನಿಯ ಫ್ಲ್ಯಾಶ್ ನೋಡಿ. 2020ರ ಡಿಸೆಂಬರ್ 31ಕ್ಕೆ ಬೆಂಬಲ ಮುಗಿಯಿತು, 2021ರ ಜನವರಿ 12ರಿಂದ ಅದರೊಳಗಿನ ವಸ್ತು ಓಡದಂತೆ ಅವರೇ ಬೀಗ ಹಾಕಿದರು. ಅದೇ ಥರದ್ದು, ಮೈಕ್ರೋಸಾಫ್ಟ್‌ನ ಸಿಲ್ವರ್‌ಲೈಟ್ 2021ರ ಅಕ್ಟೋಬರ್‌ಗೆ ಹೋಯಿತು. ಕ್ರೋಮ್ 2015ರಲ್ಲಿ ಹಳೇ ಪ್ಲಗಿನ್ ದಾರಿ ಮುಚ್ಚಿದ್ದೇ ತಡ, ಜಾವಾ ಆಪ್ಲೆಟ್‌ಗಳಿಗೆ ಅಲ್ಲಿ ಜಾಗ ಇಲ್ಲದಂತಾಯಿತು.

ಇವೆಲ್ಲ ಬ್ರೌಸರ್ ಅನ್ನುವ ಬೇರೆಯವರ ಮನೆಯಲ್ಲಿ ಬಾಡಿಗೆಗಿದ್ದವು. ಮಾಲೀಕ ಬಾಗಿಲು ಹಾಕಿದ, ಸಾಮಾನು ಬೀದಿಗೆ ಬಂತು. ಅವುಗಳ ಕಸುಬಿನಲ್ಲಿ ಏನು ಕೊರತೆ ಇತ್ತು ಅನ್ನುವುದು ಎರಡನೇ ಮಾತು.

ಇನ್ನೊಂದು ರೀತಿಯ ಸಾವು ನೆಲವೇ ಬದಲಾದಾಗ ಬರುತ್ತದೆ. ಓಸಿಎಕ್ಸ್‌ಗೂ ಮೊದಲು ವಿಬಿಎಕ್ಸ್ ಅಂತ ಇತ್ತು, 16 ಬಿಟ್ ಕಾಲದ್ದು. ವಿಂಡೋಸ್ 95 ಬಂದು ಎಲ್ಲರೂ 32 ಬಿಟ್‌ಗೆ ಹೊರಟಾಗ ಅದು ಹಿಂದೆಯೇ ಉಳಿಯಿತು. ಡಾಸ್ ಕಾಲದ ಫಾಕ್ಸ್‌ಪ್ರೊ ಲೆಕ್ಕ ಇಟ್ಟವರಿಗೂ ಇದೇ ಗತಿ. 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಂ ಓಡಿಸುವುದಿಲ್ಲ, ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ.

ಈಗ ಸರದಿಯಲ್ಲಿ ನಿಂತಿರುವುದು ವಿಬಿಸ್ಕ್ರಿಪ್ಟ್, ವಿಂಡೋಸ್ ಜೊತೆ ಬರುವ ಚಿಕ್ಕ ಸ್ಕ್ರಿಪ್ಟ್ ಭಾಷೆ. ಅದನ್ನು ಕೈಬಿಡುತ್ತೇವೆ ಅಂತ 2023ರ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್ ಹೇಳಿದೆ. ವಿಬಿ6 ಬೇರೆ, ವಿಬಿಸ್ಕ್ರಿಪ್ಟ್ ಬೇರೆ, ಗಾಬರಿ ಬೇಡ. ಆದರೆ ಎಷ್ಟೋ ವಿಬಿ6 ಪ್ರೋಗ್ರಾಂಗಳು ಪಠ್ಯ ಹುಡುಕುವ ಕೆಲಸಕ್ಕೆ ವಿಬಿಸ್ಕ್ರಿಪ್ಟ್‌ನ ರೆಜ್‌ಎಕ್ಸ್‌ಪ್ ಎರವಲು ತಂದಿರುತ್ತವೆ. ಆ ಫೈಲು ಹೋದ ದಿನ ಅವೂ ಮುಗ್ಗರಿಸುತ್ತವೆ. ನಿಮ್ಮದರಲ್ಲಿ ಇದೆಯಾ ಅಂತ ಬರೆದವರನ್ನು ಈಗಲೇ ಕೇಳಿ.

ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ತೆರೆಯುವ ಪೇಜು ಇದೆ. ಏನು ಮಾಡುವುದು?

ಬಳ್ಳಾರಿಯ ಜೀನ್ಸ್ ಯೂನಿಟ್‌ನವರು ಇದನ್ನು ಜಾಸ್ತಿ ಕೇಳುತ್ತಾರೆ. ಗೋಡೆಯ ಮೇಲಿನ ಹಳೇ ಸಿಸಿಟಿವಿ ಡಬ್ಬಿಯ ಚಿತ್ರ ನೋಡಬೇಕಾದರೆ ಆಕ್ಟಿವ್‌ಎಕ್ಸ್ ಬೇಕು ಅನ್ನುತ್ತದೆ. ಇಂಟರ್ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ಕ್ಕೆ ನಿವೃತ್ತಿ ಆಯಿತು. ಎಡ್ಜ್ ಬ್ರೌಸರ್ ಒಳಗೆ ಐಇ ಮೋಡ್ ಅಂತ ಇದೆ, ಅದರಲ್ಲಿ ಆಕ್ಟಿವ್‌ಎಕ್ಸ್ ಓಡುತ್ತದೆ. ಕನಿಷ್ಠ 2029ರವರೆಗೆ ಇರುತ್ತದೆ ಅಂತ ಮಾತು ಕೊಟ್ಟಿದ್ದಾರೆ. ಅಷ್ಟರೊಳಗೆ ಡಬ್ಬಿಯನ್ನೇ ಬದಲಾಯಿಸಿ. ಇದಕ್ಕೆ ನಾನು ಸಮಯ ಹಾಕುವುದಿಲ್ಲ.

ನಮ್ಮದು ಆಕ್ಸೆಸ್ ಡೇಟಾಬೇಸ್. ಅದೂ ಹಳೆಯದಾ?

ಎಂಡಿಬಿ ಫೈಲಾದರೆ ಅದನ್ನು ಓದುವುದು ಜೆಟ್ ಅನ್ನುವ ಎಂಜಿನ್, ಅದು 32 ಬಿಟ್ ಮಾತ್ರ. ವಿಬಿ6 ಜೊತೆ ತೊಂದರೆ ಇಲ್ಲ, ನಾಳೆ 64 ಬಿಟ್ ಪ್ರೋಗ್ರಾಂ ಬರೆಸಿದರೆ ಎಸಿಇ ಎಂಜಿನ್ ಹಾಕಬೇಕು. ಅದಕ್ಕಿಂತ ದೊಡ್ಡ ಚಿಂತೆ 2 ಜಿಬಿ ಮಿತಿ. ರಾಯಚೂರಿನ ಒಂದು ಅಡತಿ ಅಂಗಡಿಯಲ್ಲಿ ಹತ್ತಿ ಸೀಸನ್ ಮಧ್ಯೆ ಬಿಲ್ಲು ಸೇವ್ ಆಗುವುದು ನಿಂತಿತು. ಎಲ್ಲರೂ ವೈರಸ್ ಅಂದರು. ಫೈಲಿನ ಸೈಜು ನೋಡಿದರೆ 2 ಜಿಬಿ ಮುಟ್ಟಿತ್ತು. ಕಾಂಪ್ಯಾಕ್ಟ್ ಮಾಡಿದೆ, ಹಳೇ ವರ್ಷಗಳನ್ನು ಬೇರೆ ಫೈಲಿಗೆ ಸರಿಸಿದೆ, ನಡೆಯಿತು.

ಕನ್ನಡ ಯಾಕೆ ಪ್ರಶ್ನಾರ್ಥಕ ಚಿಹ್ನೆಗಳಾಗಿ ಬರುತ್ತದೆ?

ಹಳೇ ಸಾಫ್ಟ್‌ವೇರ್ ನಿಜಕ್ಕೂ ಹಳೆಯದಾಗಿದೆ ಅಂತ ನಾನೇ ಒಪ್ಪುವ ಜಾಗ ಇದು.

ಎಲ್ಲ ಭಾಷೆಯ ಅಕ್ಷರಕ್ಕೂ ಒಂದೊಂದು ನಂಬರು ಕೊಡುವ ಕ್ರಮಕ್ಕೆ ಯುನಿಕೋಡ್ ಅನ್ನುತ್ತಾರೆ. ವಿಬಿ6 ಒಳಗೊಳಗೆ ಯುನಿಕೋಡ್‌ನಲ್ಲೇ ಅಕ್ಷರ ಇಟ್ಟುಕೊಳ್ಳುತ್ತದೆ. ಆದರೆ ಅದರ ಟೆಕ್ಸ್ಟ್ ಬಾಕ್ಸು, ಲೇಬಲ್ಲು ಹಳೇ ಆನ್ಸಿ ಕ್ರಮದವು. ಆ ಕ್ರಮದಲ್ಲಿ ಕನ್ನಡಕ್ಕೆ ಕೋಡ್ ಪೇಜೇ, ಅಂದರೆ ಅಕ್ಷರ ಪಟ್ಟಿಯೇ ಇಲ್ಲ. ಯುನಿಕೋಡ್ ಕನ್ನಡ ತಂದು ಹಾಕಿದರೆ ಸಾಲಾಗಿ ಪ್ರಶ್ನೆ ಗುರುತು. ಅದಕ್ಕೇ ಆಗ ನಾವೆಲ್ಲ ನುಡಿ ಫಾಂಟ್ ಇಟ್ಟು ಕೆಲಸ ಮಾಡಿದೆವು. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟು ಅದು. ಪ್ರಿಂಟ್ ಚೆನ್ನಾಗಿ ಬರುತ್ತಿತ್ತು, ರೈತರು ಚೀಟಿ ಓದಿಕೊಂಡು ಹೋಗುತ್ತಿದ್ದರು.

ಈಗ ರೈತರು ಚೀಟಿಯನ್ನು ವಾಟ್ಸಾಪ್‌ಗೆ ಕಳಿಸಿ ಅನ್ನುತ್ತಾರೆ. ಹಳೇ ನುಡಿ ಅಕ್ಷರ ಅವರ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳಾಗಿ ಕಾಣುತ್ತದೆ. ಇಪ್ಪತ್ತು ವರ್ಷದ ರೈತರ ಹೆಸರು, ಊರು, ಎಲ್ಲ ಆ ಗುರುತುಗಳಲ್ಲೇ ಕೂತಿವೆ. ಅದನ್ನು ಯುನಿಕೋಡ್‌ಗೆ ತಿರುಗಿಸಬಹುದು, ಆದರೆ ಒತ್ತಕ್ಷರ, ಅರ್ಕಾವೊತ್ತು ಬಂದ ಕಡೆ ಒಂದೊಂದಾಗಿ ಕಣ್ಣಿಟ್ಟು ನೋಡಬೇಕು. ಸಾಫ್ಟ್‌ವೇರ್ ಬದಲಾಯಿಸದಿದ್ದರೂ ಈ ಡೇಟಾ ಕೆಲಸ ಮೊದಲು ಮಾಡಿಸಿಡಿ.

ಪೂರ್ತಿ ಹೊಸದಾಗಿ ಬರೆಸಿಬಿಡೋಣವಾ?

ಹೊಸದು ಬರೆಯುವವರನ್ನು ಕೇಳಿದರೆ ಹೂಂ ಅಂತಲೇ ಹೇಳುತ್ತಾರೆ, ಅಲ್ವಾ? ನಾನೂ ಒಮ್ಮೆ ಹಾಗೆ ಹೇಳಿ ಕೆಟ್ಟೆ.

ಕೊಪ್ಪಳ ಕಡೆಯ ಒಂದು ಕಾಟಾಕ್ಕೆ ಹೊಸದಾಗಿ ಬರೆದುಕೊಟ್ಟೆ. ನೋಡಲು ಚೆಂದ. ಮೊದಲ ವಾರದಲ್ಲೇ ಜಗಳ. ಅದೇ ಲಾರಿ, ಅದೇ ಲೋಡು, ಎರಡು ಸಲ ತೂಗಿದರೆ 40 ಕೆಜಿ ವ್ಯತ್ಯಾಸ. ಕಾಟಾ ಕೆಟ್ಟಿದೆ ಅಂತ ಮೆಕ್ಯಾನಿಕ್ ಕರೆಸಿದರು. ಕಾಟಾ ಸರಿಯಾಗೇ ಇತ್ತು. ಕೊನೆಗೆ ಹಳೇ ಕೋಡ್ ತೆಗೆದು ಸಾಲು ಸಾಲಾಗಿ ಓದಿದೆ. ಅದರಲ್ಲಿ ಒಂದು ಪುಟ್ಟ ಲೂಪ್ ಇತ್ತು. ಸತತ ಐದು ಸಲ ಒಂದೇ ಅಂಕಿ ಬಂದರೆ ಮಾತ್ರ ತೂಕ ಒಪ್ಪಿಕೊಳ್ಳುತ್ತಿತ್ತು. ಲಾರಿ ಕಾಟಾ ಮೇಲೆ ಹತ್ತಿದ ಮೇಲೆ ಸ್ಪ್ರಿಂಗ್ ಮೇಲೆ ತೂಗಾಡುತ್ತದೆ, ಡ್ರೈವರ್ ಇಳಿಯುತ್ತಾನೆ, ಕ್ಲೀನರ್ ಹತ್ತುತ್ತಾನೆ. ನನ್ನ ಹೊಸ ಪ್ರೋಗ್ರಾಂ ಬಟನ್ ಒತ್ತಿದ ಕ್ಷಣದ ಅಂಕಿ ಹಿಡಿಯುತ್ತಿತ್ತು. ಹಳೆಯದು ಬರೆದವರು ಆ ಸಾಲಿನ ಪಕ್ಕ ಒಂದು ಟಿಪ್ಪಣಿಯನ್ನೂ ಬರೆದಿರಲಿಲ್ಲ. ಅವರು ಕಾಟಾ ಹತ್ತಿರ ನಿಂತು ಕಲಿತದ್ದನ್ನು ನಾನು ಎಸಿ ರೂಮಲ್ಲಿ ಕೂತು ಅಳಿಸಿಬಿಟ್ಟಿದ್ದೆ.

ಕೆಲವು ಇಂಡಿಕೇಟರ್‌ಗಳು ಅಂಕಿಯನ್ನು ಹಿಂದುಮುಂದಾಗಿ ಕಳಿಸುತ್ತವೆ, 12340 ಇದ್ದರೆ 04321 ಅಂತ. ಹಮಾಲಿಯ ಪೈಸೆಯನ್ನು ಎಲ್ಲಿ ರೌಂಡ್ ಮಾಡಬೇಕು, ಚೀಲದ ತೂಕ ಎಷ್ಟು ಕಳೆಯಬೇಕು, ಇದೆಲ್ಲ ಹಳೇ ಕೋಡಿನಲ್ಲೇ ಇರುತ್ತದೆ, ಬೇರೆಲ್ಲೂ ಬರೆದಿರುವುದಿಲ್ಲ.

ಅಂದಿನಿಂದ ನಾನು ಬೇರೆ ದಾರಿ ಹಿಡಿದಿದ್ದೇನೆ. ತೂಕ ಓದುವ ಹಳೇ ಭಾಗವನ್ನು ಹಾಗೇ ಬಿಡುವುದು. ಬಿಲ್ಲು, ಜಿಎಸ್‌ಟಿ, ವಾಟ್ಸಾಪ್ ಚೀಟಿ ಮಾತ್ರ ಹೊಸದರಲ್ಲಿ. ಹಳೆಯದು ತೂಕವನ್ನು ಡೇಟಾಬೇಸ್‌ಗೆ ಬರೆಯುತ್ತದೆ, ಹೊಸದು ಅಲ್ಲಿಂದ ತೆಗೆದುಕೊಳ್ಳುತ್ತದೆ. ಒಂದು ಸುಗ್ಗಿ ಎರಡೂ ಜೊತೆಗೆ ಓಡಲಿ. ಲೆಕ್ಕ ತಾಳೆ ಆದ ಮೇಲೆ ಉಳಿದದ್ದರ ಮಾತು.

ಸೋರ್ಸ್ ಕೋಡ್ ಇಲ್ಲ, ಬರೆದ ಹುಡುಗ ಬೆಂಗಳೂರಿಗೆ ಹೋದ, ಫೋನ್ ಎತ್ತುವುದಿಲ್ಲ.

ಇದು ನನಗೆ ಭಯ ಹುಟ್ಟಿಸುವ ಪ್ರಶ್ನೆ. ವಿಂಡೋಸ್ 11ಕ್ಕಿಂತ ಸಾವಿರ ಪಾಲು ಜಾಸ್ತಿ. ಸೋರ್ಸ್ ಕೈಯಲ್ಲಿದ್ದು, ಓದಬಲ್ಲವರು ಇಬ್ಬರಿದ್ದರೆ 1998ರ ಸಾಫ್ಟ್‌ವೇರನ್ನೂ ನಾನು ಹಳೆಯದು ಅನ್ನುವುದಿಲ್ಲ. ಅದೆರಡೂ ಇಲ್ಲದ, ಹೋದ ವರ್ಷ ಬರೆಸಿದ ಆ್ಯಪ್ ಇವತ್ತೇ ಹಳೆಯದು.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾದದ್ದು ನಮ್ಮ ಕಡೆ ಯಾರೂ ಮರೆತಿಲ್ಲ. 33 ಗೇಟಿನಲ್ಲಿ ಹೋದದ್ದು ಒಂದೇ ಚೈನು. ಆ ಒಂದಕ್ಕೆ ಸ್ಟಾಪ್‌ಲಾಗ್, ಅಂದರೆ ನೀರು ತಡೆಯುವ ತಾತ್ಕಾಲಿಕ ಗೇಟು ಮಾಡಿಸಿ ಇಳಿಸುವವರೆಗೆ ನೀರು ಹರಿದು ಹೋಗುವುದನ್ನು ನೋಡುತ್ತಾ ಕೂತೆವು. ನಿಮ್ಮ ಸಾಫ್ಟ್‌ವೇರ್‌ನ ಒಂದು ಓಸಿಎಕ್ಸ್ ಫೈಲಿಗೆ ಬದಲಿ ಎಲ್ಲಿದೆ?

ಪಿಸಿ ಇನ್ನೂ ಓಡುತ್ತಿರುವಾಗಲೇ ಪೂರ್ತಿ ಡಿಸ್ಕಿನ ಇಮೇಜ್ ತೆಗೆಸಿ. ಅದನ್ನು ವರ್ಚುವಲ್ ಮೆಷಿನ್‌ನಲ್ಲಿ, ಅಂದರೆ ಪಿಸಿಯೊಳಗೇ ಓಡುವ ಇನ್ನೊಂದು ಪಿಸಿಯಲ್ಲಿ ಎಬ್ಬಿಸಿ ನೋಡಿ, ತೂಕ ಬರುತ್ತದಾ ಅಂತ ಪರೀಕ್ಷಿಸಿ. ಪ್ರಿಂಟರ್ ಪೋರ್ಟಿಗೆ ಚುಚ್ಚುವ, ಸಾಫ್ಟ್‌ವೇರ್‌ನ ಬೀಗದ ಕೈಯಂಥ ಡಾಂಗಲ್ ಇದ್ದರೆ ಅದು ಅಲ್ಲಿ ಕೆಲಸ ಮಾಡದೆ ಇರಬಹುದು, ಅದನ್ನೂ ಈಗಲೇ ತಿಳಿಯುವುದು ಒಳ್ಳೆಯದು.

ಹಳೇ ಸಾಫ್ಟ್‌ವೇರ್ ಸುರಕ್ಷಿತವಾ?

ನೆಟ್ ಇಲ್ಲದ ಕಾಟಾ ಪಿಸಿಯಲ್ಲಿ ಅಪಾಯ ಕಡಿಮೆ. ಆದರೆ 2012ರಲ್ಲಿ ಎಂಎಸ್‌ಕಾಮ್‌ಸಿಟಿಎಲ್ ಅನ್ನುವ ಸಾದಾ ಓಸಿಎಕ್ಸ್‌ನಲ್ಲಿದ್ದ ಬಿರುಕು ಬಳಸಿ ವರ್ಡ್ ಫೈಲಿನ ಮೂಲಕ ದಾಳಿ ಮಾಡಿದ್ದರು. ಸೆಟಪ್ ಸಿಡಿಯಲ್ಲಿರುವುದು ಆ ಹಳೇ ಪ್ರತಿಯೇ ಆಗಿರುತ್ತದೆ, ತಿದ್ದಿದ್ದು ಹಾಕಿ. ಕಾಟಾ ಪಿಸಿಯಲ್ಲಿ ಸಿನಿಮಾ ನೋಡಬೇಡಿ, ಹಮಾಲರ ಪೆನ್‌ಡ್ರೈವ್ ಚುಚ್ಚಬೇಡಿ.

ಮಗ ಬಿಸಿಎ ಓದುತ್ತಿದ್ದಾನೆ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರದಂಥ ಕಡೆ ಕೆಲಸ ಬೇಕಂತೆ. ಇದನ್ನೆಲ್ಲ ಕಲಿಯಬೇಕಾ?

ಬರೆಯಲು ಹೊಸದು ಕಲಿಯಲಿ, ಓದಲು ಹಳೆಯದೂ ಬರಲಿ. ಕಾರ್ಖಾನೆಗಳ ಯಂತ್ರಗಳಿಂದ ಲೆಕ್ಕ ತರುವುದಕ್ಕೆ ಓಪಿಸಿ ಅಂತ ಒಂದು ಪದ್ಧತಿ 1996ರಿಂದ ಇದೆ. ಹಳೇ ಓಪಿಸಿ ನಿಂತಿರುವುದು ಕಾಮ್ ಮತ್ತು ಅದರ ನೆಟ್‌ವರ್ಕ್ ರೂಪವಾದ ಡಿಕಾಮ್ ಮೇಲೆ. 2021ರಲ್ಲಿ ಡಿಕಾಮ್‌ನಲ್ಲಿ ಭದ್ರತೆಯ ತೊಂದರೆ ಸಿಕ್ಕಿ, ಹಂತ ಹಂತವಾಗಿ ಬಿಗಿ ಮಾಡಿ, 2023ರ ಮಾರ್ಚ್ 14ರಿಂದ ಆ ಬಿಗಿಯನ್ನು ಆಫ್ ಮಾಡಲು ಬರದಂತೆ ಮಾಡಿದರು. ಓಪಿಸಿ ಯುಎ ಅನ್ನುವ ಹೊಸ ಪದ್ಧತಿಗೆ ಕಾಮ್ ಬೇಡ. ಹಳೆಯದರಿಂದ ಹೊಸದಕ್ಕೆ ದಾಟಿಸುವ ಕೆಲಸಕ್ಕೆ ಎರಡೂ ದಡ ಗೊತ್ತಿರುವವರೇ ಬೇಕು. ಅಂಥವರು ಕಮ್ಮಿ, ಹಾಗಾಗಿ ಸಂಬಳ ಚೌಕಾಸಿಗೆ ಜಾಗ ಇದೆ.

ನಾಳೆ ನೀವೇ ಸಿಗದಿದ್ದರೆ?

ಅದಕ್ಕೇ ಪ್ರತಿ ಗಿರಾಕಿಗೂ ಒಂದು ಬ್ರೌನ್ ಕವರ್ ಕೊಡುತ್ತೇನೆ. ಒಳಗೆ ಪೆನ್‌ಡ್ರೈವ್: ಸೋರ್ಸ್, ಸೆಟಪ್, ಎಲ್ಲ ಓಸಿಎಕ್ಸ್‌ಗಳು, ಡಿಸ್ಕ್ ಇಮೇಜ್. ಜೊತೆಗೆ ಒಂದು ಹಾಳೆಯಲ್ಲಿ ಪೋರ್ಟ್ ನಂಬರು, ಇಂಡಿಕೇಟರ್ ಸೆಟ್ಟಿಂಗು, ಪಾಸ್‌ವರ್ಡು, ಕನ್ನಡದಲ್ಲಿ ಬರೆದದ್ದು. ವರ್ಷಕ್ಕೊಮ್ಮೆ ಬಂದು ತೆರೆದು ನೋಡುತ್ತೇನೆ. ದಯವಿಟ್ಟು ಕವರ್ ಎಲ್ಲಿಟ್ಟಿದ್ದೀರಿ ಅಂತ ಗುಮಾಸ್ತರಿಗೂ ಹೇಳಿಡಿ. ಹೋದ ದೀಪಾವಳಿಗೆ ಕಾರಟಗಿಯ ಮಿಲ್ಲೊಂದರಲ್ಲಿ ಅರ್ಧ ದಿನ ಹುಡುಕಿದೆವು. ಹೊಸ ಖಾತೆ ಪುಸ್ತಕಗಳ ಜೊತೆ ಪೂಜೆಗೆ ಇಟ್ಟಿದ್ದರು, ಮೇಲೆಲ್ಲ ಅರಿಶಿನ ಕುಂಕುಮ.